ಹುಬ್ಬುಗಳ ನಡುವೆ ಎರಡು ಗೆರೆ

"ಇನ್ನೂ ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳ್ಬಿಡಿ ಚಿಕ್ಕಮ್ಮ. ಸೂಜಿ ಹಾಕೋವಾಗ ಮಾತಾಡೋ ಹಾಗಿಲ್ಲ," ಎಂದಳು ಮೇಘಾ.

ಕೇಳುವುದರಲ್ಲಿ ಶೈಲಜಾ ಯಾವತ್ತೂ ಹಿಂದೆ ಬಿದ್ದವಳಲ್ಲ. ಪೀಣ್ಯದಿಂದ ರಾಜಾಜಿನಗರದ ಮೇಘಾಳ ಕ್ಲಿನಿಕ್ಕಿಗೆ ಬರುವ ಬಸ್ಸಿನಲ್ಲಿ ಕೂತೇ, ತಾನು ಕೆಲಸ ಮಾಡುವ ಫ್ಯಾಕ್ಟರಿಯ ರಿಜೆಕ್ಷನ್ ಸ್ಲಿಪ್ಪೊಂದರ ಹಿಂದೆ ಹದಿಮೂರು ಪ್ರಶ್ನೆ ಬರೆದುಕೊಂಡಿದ್ದಳು. ನೋವಾಗುತ್ತದೆಯೇ ಎಂಬುದು ಮೊದಲನೆಯದು. ಇರುವೆ ಕಚ್ಚಿದಷ್ಟು, ಐದು ಕಡೆ, ಎಂದಳು ಮೇಘಾ. ಔಷಧಿಯನ್ನು ಯಾವುದರಿಂದ ಮಾಡುತ್ತಾರೆ ಎಂಬುದು ಎರಡನೆಯದು. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಕ್ರಿಮಿಯ ವಿಷದಿಂದ ಎಂದಾಗ ಶೈಲಜಾ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಅಕ್ಕನ ಮಗಳನ್ನು ಡಾಕ್ಟರಿ ಓದಿಸಿದ್ದು ಮನೆಯವರಿಗೇ ವಿಷ ಹಾಕಲಿಕ್ಕೋ ಎಂಬುದು ಸ್ಲಿಪ್ಪಿನಲ್ಲಿರಲಿಲ್ಲ, ಆದರೂ ಕೇಳಿದಳು. ಮೇಘಾ ನಗುತ್ತಲೇ ಬಿಡಿಸಿ ಹೇಳಿದಳು. ತೀರಾ ಸ್ವಲ್ಪ ಹಾಕುವುದು, ಅದೂ ಹುಬ್ಬು ಗಂಟಿಕ್ಕುವ ಸ್ನಾಯುವಿಗೆ ಮಾತ್ರ. ಆ ಸ್ನಾಯು ಒಂದಷ್ಟು ಕಾಲ ಕೆಲಸ ಬಿಟ್ಟು ಮಲಗುತ್ತದೆ, ಮೇಲಿನ ಗೆರೆ ತಾನಾಗಿ ಸಡಿಲಾಗುತ್ತದೆ.

ಎಷ್ಟು ದಿನ? ಮೂರರಿಂದ ನಾಲ್ಕು ತಿಂಗಳು. ಆಮೇಲೆ ಮುಖ ಜೋತು ಬೀಳುವುದೇ? ಇಲ್ಲ, ಮೊದಲು ಇದ್ದ ಹಾಗೇ ಆಗುತ್ತದೆ. ಕಣ್ಣಿಗೆ ಏನಾದರೂ? ಅಪರೂಪಕ್ಕೆ ಕೆಲವರಿಗೆ ರೆಪ್ಪೆ ಕೆಲವು ವಾರ ಜೋಲುವುದುಂಟು, ಅದಕ್ಕೇ ಸೂಜಿ ಹಾಕಿದ ಜಾಗವನ್ನು ಉಜ್ಜಬಾರದು, ನಾಲ್ಕು ಗಂಟೆ ಹೊತ್ತು ತಲೆ ಬಗ್ಗಿಸಬಾರದು. ಹಾಗಾದರೆ ಸಂಜೆ ಪೂಜೆಗೆ ಕೂತಾಗ ವಿಭೂತಿ ಹಚ್ಚುವುದು ಹೇಗೆ, ಲಿಂಗಕ್ಕೆ ತಲೆ ಬಾಗುವುದು ಹೇಗೆ ಎಂದು ಶೈಲಜಾ ಕೇಳಿದಳು. ಮೇಘಾಳ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ದಾವಣಗೆರೆಯ ಶೈಲಜಾಳ ತವರುಮನೆಯಲ್ಲೇ ಆಡಿ ಬೆಳೆದವಳಾದ್ದರಿಂದ, ಇವತ್ತೊಂದು ದಿನ ಬೆರಳು ಊರದೆ ಬರೀ ತಾಗಿಸಿ, ಕೂತಲ್ಲೇ ಕೈ ಮುಗಿಯಿರಿ, ಶಿವ ಏನೂ ಅಂದುಕೊಳ್ಳುವುದಿಲ್ಲ ಎಂದು ತಾನೇ ಒಂದು ಉತ್ತರ ಮಾಡಿ ಕೊಟ್ಟಳು.

"ಬೇಡ ಅನ್ನಿಸಿದ್ರೆ ವಾಪಸ್ ತೆಗೆಸ್ಬೋದಾ?"

"ಅದೊಂದು ಆಗಲ್ಲ ಚಿಕ್ಕಮ್ಮ. ಒಳಗೆ ಹೋದ್ಮೇಲೆ ಮುಗೀತು. ತಾನಾಗಿ ಇಳಿಯೋವರೆಗೂ ಕಾಯ್ಬೇಕು."

ಅದು ತೊಂಬತ್ತೆಂಟನೇ ಇಸವಿ. ಆ ಔಷಧಿ ಬೆಂಗಳೂರಿನಲ್ಲಿ ಇನ್ನೂ ಅಪರೂಪವಾಗಿತ್ತು. ಕಣ್ಣು ತಾನಾಗಿಯೇ ಬಿಗಿದುಕೊಳ್ಳುವ ಕಾಯಿಲೆಯವರಿಗೆಂದು ಐಸ್ ತುಂಬಿದ ಫ್ಲಾಸ್ಕಿನಲ್ಲಿ ತರಿಸುತ್ತಿದ್ದರು. ಸೀಸೆ ಒಮ್ಮೆ ತೆರೆದರೆ ಅವತ್ತೇ ಮುಗಿಸಬೇಕು. ಅಂದು ಬರಬೇಕಿದ್ದ ಮೂವರಲ್ಲಿ ಒಬ್ಬರು ಬಾರದೆ ಔಷಧಿ ಮಿಕ್ಕಿತ್ತು. ಚಿಕ್ಕಮ್ಮ ತಿಂಗಳಿಂದ ಹುಬ್ಬಿನ ಗೆರೆಗಳ ಬಗ್ಗೆ ಕೊರೆಯುತ್ತಿದ್ದುದು ನೆನಪಾಗಿ ಮೇಘಾ ಫ್ಯಾಕ್ಟರಿಗೇ ಫೋನು ಮಾಡಿ ಕರೆಸಿಕೊಂಡಿದ್ದಳು. ಇಷ್ಟೆಲ್ಲ ಕೇಳಿದಿರಿ, ನಾನೂ ಒಂದು ಕೇಳುತ್ತೇನೆ, ನಿಮಗೆ ಇದು ಯಾಕೆ ಬೇಕು ಎಂದು ಈಗ ಅವಳು ಕೇಳಿದಳು. ಸದಾ ಸಿಡುಕಿನ ಮೋರೆ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ, ಅದಕ್ಕೆ, ಎಂದಷ್ಟೇ ಹೇಳಿ ಶೈಲಜಾ ಕಣ್ಣು ಮುಚ್ಚಿಕೊಂಡಳು.

ಎಲ್ಲರೂ ಅಂದದ್ದು ಅವಳನ್ನು ಅಷ್ಟೇನೂ ಬಾಧಿಸಿರಲಿಲ್ಲ. ಗಂಡ ಪರಮಾನಂದ ಮದುವೆಯಾದಂದಿನಿಂದ ಅನ್ನುತ್ತಲೇ ಬಂದಿದ್ದ. ಅವಳನ್ನು ಚುಚ್ಚಿದ್ದು ಆರು ಜನ ಹುಡುಗಿಯರು.

ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಯಲ್ಲಿ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳಿಗೆ ಬೇಕಾದ ಸಣ್ಣ ಕಾಯಿಲ್ ಸುತ್ತುತ್ತಿದ್ದರು. ತಲೆಗೂದಲಿಗಿಂತ ತೆಳುವಾದ ತಾಮ್ರದ ತಂತಿ, ಒಂದು ಕಾಯಿಲಿಗೆ ಸಾವಿರಾರು ಸುತ್ತು. ದೀಪವಿರುವ ಭೂತಗನ್ನಡಿಯ ಕೆಳಗೆ ತಂತಿ ಎಲ್ಲಿ ಹರಿದಿದೆ ಎಂದು ಇಪ್ಪತ್ತೊಂದು ವರ್ಷ ದಿಟ್ಟಿಸಿ ನೋಡಿಯೇ ಶೈಲಜಾಳ ಹುಬ್ಬುಗಳ ನಡುವೆ ಎರಡು ಗೆರೆ ಆಳವಾಗಿ ಕೂತದ್ದು. ಒಂಬತ್ತು ವರ್ಷದ ಹಿಂದೆ ಮ್ಯಾನೇಜರ್ ಕೃಷ್ಣಪ್ಪನವರು, ಮಾತಾಡದವರು ಹೆಚ್ಚು ಕೆಲಸ ಮಾಡುತ್ತಾರೆಂದು ಲೆಕ್ಕ ಹಾಕಿ, ಅವಳು ನೋಡಿಕೊಳ್ಳುತ್ತಿದ್ದ ಲೈನಿಗೆ ಕಿವಿ ಕೇಳದ ಆರು ಹುಡುಗಿಯರನ್ನು ಸೇರಿಸಿಕೊಂಡರು. ಕೃಷ್ಣಪ್ಪನವರ ಲೆಕ್ಕ ಪೂರ್ತಿ ತಪ್ಪಿತ್ತು. ಇಡೀ ಕಾರ್ಖಾನೆಯಲ್ಲಿ ಆ ಆರು ಜನರಷ್ಟು ಮಾತಾಡುವವರು ಇನ್ನಾರೂ ಇರಲಿಲ್ಲ.

ಮೆಷಿನ್ ಓಡುವಾಗ ಎರಡೂ ಕೈ ತಂತಿಯ ಮೇಲೆ ಇರಬೇಕು. ಹಾಗಾಗಿ ಅವರು ಊಟದ ಹೊತ್ತಿನಲ್ಲಿ ಕೈಯಲ್ಲಿ ಮಾತಾಡಿದರೆ, ಕೆಲಸದ ಹೊತ್ತಿನಲ್ಲಿ ಮುಖದಲ್ಲೇ ಮಾತಾಡುತ್ತಿದ್ದರು. ಒಂದು ಹುಬ್ಬು, ಒಂದು ಮೂಗು, ತುಟಿಯ ಒಂದು ಕೊನೆ ಸಾಕು, ಯಾರ ಮನೆಯಲ್ಲಿ ಏನು ಜಗಳ ಎನ್ನುವುದೂ ದಾಟಿಹೋಗುತ್ತಿತ್ತು. ಶೈಲಜಾ ಇದನ್ನು ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ, ಎದುರಿಗೆ ಕೂತು ಕೂತೇ ಕಲಿತಳು. ಅವಳಿಗೆ ಎಲ್ಲರಿಗಿಂತ ಹತ್ತಿರವಾದವಳು ದುರ್ಗವ್ವ. ಕೊಪ್ಪಳದ ಕಡೆಯಿಂದ ಅಪ್ಪನ ಜೊತೆ ಬಂದಾಗ ಅವಳಿಗೆ ಹದಿನೆಂಟು, ಹೆಸರು ಬರೆಯಲೂ ಬರುತ್ತಿರಲಿಲ್ಲ. ಈಗ ಲೈನಿನಲ್ಲಿ ಅವಳಷ್ಟು ನಾಜೂಕಾಗಿ ಸುತ್ತುವವರಿಲ್ಲ.

ತಿಂಗಳ ಹಿಂದೆ ಒಂದು ದಿನ ಶೈಲಜಾ ಕ್ಯಾಂಟೀನಿಗೆ ಸ್ವಲ್ಪ ತಡವಾಗಿ ಹೋಗಿದ್ದಳು. ಆರೂ ಜನ ಮೂಲೆಯ ಮೇಜಿನಲ್ಲಿ ಕೂತಿದ್ದರು. ದುರ್ಗವ್ವ ಎರಡು ಬೆರಳನ್ನು ತನ್ನ ಹುಬ್ಬುಗಳ ನಡುವೆ ಉದ್ದುದ್ದ ಇಟ್ಟು, ಮುಖ ಗಂಟಿಕ್ಕಿ ಏನೋ ಹೇಳುತ್ತಿದ್ದಳು. ಉಳಿದವರು ನಕ್ಕು ನಕ್ಕು ಒರಗಿದ್ದರು. ಬಾಗಿಲಲ್ಲಿ ಅವಳನ್ನು ಕಂಡದ್ದೇ ಎಲ್ಲರ ಕೈಯೂ ಮಡಿಲಿಗೆ ಬಿತ್ತು. ಶೈಲಜಾ ಡಬ್ಬಿ ಬಿಚ್ಚದೆ ಲೈನಿಗೆ ವಾಪಸ್ ಹೋದಳು. ಹೆತ್ತ ಮಕ್ಕಳಿಲ್ಲದವಳು ಅವಳು. ಇಷ್ಟು ವರ್ಷ ಇವರನ್ನು ನನ್ನವರು ಅಂದುಕೊಂಡೆ, ಇವರಿಗೆ ನಾನೊಂದು ಗುಮ್ಮ ಮಾತ್ರ ಎಂದು ಮನಸ್ಸು ಮುರಿಯಿತು. ಗೆರೆ ಹೋದರೆ ಹುಡುಗಿಯರ ಭಯವೂ ಹೋದೀತು, ದುರ್ಗವ್ವ ಮೊದಲಿನ ಹಾಗೆ ಹತ್ತಿರ ಬಂದಾಳು ಎಂಬ ಆಸೆಯಿಂದ ಅವಳು ಮೇಘಾಳ ಕುರ್ಚಿಯಲ್ಲಿ ಕೂತಿದ್ದಳು.

ಸೂಜಿ ಹಾಕಿಸಿಕೊಂಡು ಮೂರು ದಿನವಾದರೂ ಏನೂ ಆಗಲಿಲ್ಲ. ವಿಷವೂ ಡೂಪ್ಲಿಕೇಟ್ ಬರುತ್ತದೆಯೇನೋ ಎಂದು ಪರಮಾನಂದ ಕಾಲೆಳೆದ. ನಾಲ್ಕನೇ ದಿನ ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕಲು ಹೋದರೆ ಅರ್ಧ ದಾರಿಯಲ್ಲೇ ನಿಂತಿತು. ಹತ್ತನೇ ದಿನದ ಹೊತ್ತಿಗೆ ಹಣೆ ನುಣ್ಣಗಾಗಿ, ವಿಭೂತಿಯ ಮೂರೆಳೆ ಎಲ್ಲೂ ಮುರಿಯದೆ ನೇರವಾಗಿ ಬಂತು. ಶೈಲಜಾ ಖುಷಿಯಿಂದ ಮತ್ತೆ ಮತ್ತೆ ಕನ್ನಡಿ ನೋಡಿದಳು. ಪರಮಾನಂದನಿಗೆ ಮಾತ್ರ ಒಂದು ಹೊಸ ಫಜೀತಿ ಶುರುವಾಯಿತು. ಹೆಂಡತಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಗೊತ್ತಾಗದೆ, ಯಾವುದಕ್ಕೂ ಇರಲಿ ಎಂದು ಅವನು ತನ್ನ ತಟ್ಟೆ ತಾನೇ ತೊಳೆಯತೊಡಗಿದ.

ಫ್ಯಾಕ್ಟರಿಯಲ್ಲಿ ಆದದ್ದು ಅವಳು ಎಣಿಸಿದ್ದಕ್ಕೆ ಪೂರ್ತಿ ಉಲ್ಟಾ. ಲೈನಿನಲ್ಲಿ ಎದುರಿನಿಂದ ಒಬ್ಬಳು ಮುಖದಲ್ಲೇ ಏನಾದರೂ ಹೇಳಿದರೆ ಶೈಲಜಾ ಎಂದಿನಂತೆ ಉತ್ತರ ಕೊಡುತ್ತಿದ್ದಳು, ಆದರೆ ಹುಬ್ಬು ಅಲ್ಲಾಡುತ್ತಿರಲಿಲ್ಲ. ಹುಡುಗಿಯರು ಇನ್ನೊಮ್ಮೆ ಹೇಳಿ, ಮತ್ತೂ ಕಾದು, ಕೊನೆಗೆ ಕಣ್ಣು ತಗ್ಗಿಸುತ್ತಿದ್ದರು. ಅವಳು ಕೈಯಲ್ಲಿ ಹೇಳಲು ಹೋದರೆ ಹಿಡಿದಿದ್ದ ತಂತಿ ಹರಿದುಹೋಗುತ್ತಿತ್ತು. ಒಂದು ವಾರ ಹೀಗೇ ನಡೆಯಿತು. ಆಮೇಲೊಂದು ಮಧ್ಯಾಹ್ನ ದುರ್ಗವ್ವ ಎದ್ದು ಬಂದು ಶೈಲಜಾಳ ಹುಬ್ಬುಗಳ ನಡುವೆ ಹೆಬ್ಬೆರಳು ಒತ್ತಿ ನೋಡಿದಳು. ಗೋಡೆಯ ಸುಣ್ಣ ಒಣಗಿದೆಯೇ ಎಂದು ನೋಡುವ ಹಾಗಿತ್ತು ಅದು. ಆಮೇಲೆ ಎರಡು ಬೆರಳನ್ನು ತನ್ನ ಹುಬ್ಬುಗಳ ನಡುವೆ ಇಟ್ಟು, ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಕಣ್ಣಲ್ಲಿ ನೀರಿತ್ತು.

ಪಕ್ಕದಲ್ಲಿ ಕಾಯಿಲ್ ಎಣಿಸುತ್ತಿದ್ದ ಅಂಜನಮ್ಮ ಇದನ್ನು ನೋಡಿದಳು. ನಾಗಸಂದ್ರದ ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು, ಕೈಮಾತೂ ಚೆನ್ನಾಗಿ ಬರುತ್ತಿತ್ತು. ಕ್ಯಾಂಟೀನಿನಲ್ಲಿ ನನ್ನನ್ನು ಅಣಕಿಸಿದ್ದೂ ಹೀಗೆಯೇ, ಈಗಲೂ ಅಣಕಿಸುತ್ತಿದ್ದಾಳೆ ನೋಡು ಎಂದು ಶೈಲಜಾ ಅವಳಿಗೆ ಹೇಳಿದಳು.

"ಅಣಕ್ಸೋದೇನ್ ಮೇಡಂ, ಅದು ನಿಮ್ಮೆಸ್ರು," ಎಂದಳು ಅಂಜನಮ್ಮ. "ಅವ್ರಿಗೆ ಶೈಲಜಾ ಅಂತ ಕೇಳ್ಸುತ್ತಾ? ಒಬ್ಬೊಬ್ರಿಗೂ ಕಣ್ಣಿಗೆ ಕಾಣೋದನ್ನ ಇಟ್ಕೊಂಡು ಒಂದೆಸ್ರು ಮಡಗ್ತವೆ. ಕೃಷ್ಣಪ್ಪಾರು ಒಟ್ಟೆ, ನಾನು ಮೂಗ್ಬಟ್ಟು, ನೀವು ಎಲ್ಡು ಗೆರೆ. ಒಂಬತ್ ವರ್ಸದಿಂದ ನಿಮ್ಮನ್ನ ಇಂಗೇ ಕರೀತಾ ಅವ್ರೆ. ಅವತ್ತು ನೀವು ಕೃಷ್ಣಪ್ಪಾರ್ಗೆ ದಬಾಯ್ಸಿದ್ದ ಏಳ್ಕೊಂಡು ನಗ್ತಿದ್ರು. ಈಗ ಕೇಳ್ತಾವ್ಳೆ, ಎಸ್ರು ಎಲ್ಲೋಯ್ತು ಅಂತ."

ಶೈಲಜಾಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಅಳುವೂ ಬಂತು. ಒಂಬತ್ತು ವರ್ಷ ಇವರ ಮಧ್ಯೆ ಕೂತು ಊಟ, ಜ್ವರ, ಹಬ್ಬ ಎಲ್ಲವನ್ನೂ ಮಾತಾಡಿದವಳು ತನ್ನ ಹೆಸರು ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಸೂಜಿಯ ಕಥೆಯನ್ನು ಅವಳು ಕೈಯಲ್ಲಿ ಹೇಳಿದಳು. ಆರೂ ಜನ ಸುತ್ತ ನೆರೆದರು. ನೋವಾಯಿತೇ, ಔಷಧಿ ಯಾವ ಬಣ್ಣ, ಎಷ್ಟು ದಿನ, ಮತ್ತೆ ಗೆರೆ ಬರುತ್ತದಾ ಎಂದು ಕೈಗಳು ಒಂದರ ಮೇಲೊಂದು ಬಿದ್ದು ಕೇಳಿದವು. ಅವಳು ನಾಲ್ಕು ಬೆರಳು ತೋರಿಸಿದಳು. ನಾಲ್ಕು ದಿನವಾ ಎಂದು ದುರ್ಗವ್ವ ಆಸೆಯಿಂದ ಕೇಳಿದಳು. ನಾಲ್ಕು ತಿಂಗಳು ಎಂದಾಗ ಅವಳ ಮುಖ ಬಾಡಿತು. ಸಂಜೆ ಶೈಲಜಾ ಎಸ್‌ಟಿಡಿ ಬೂತಿನಿಂದ ಮೇಘಾಳಿಗೆ ಫೋನು ಮಾಡಿ, ಇದನ್ನು ಬೇಗ ಇಳಿಸುವ ಔಷಧಿಯೇ ಇಲ್ಲವೇ ಎಂದು ಕೇಳಿದಳು. ಇಲ್ಲ ಎಂದು ಮೊದಲೇ ಹೇಳಿದ್ದೆನಲ್ಲ ಚಿಕ್ಕಮ್ಮ, ಚೆನ್ನಾಗಿ ಬಂದಿಲ್ಲವೇ ಎಂದಳು ಮೇಘಾ. ತುಂಬ ಚೆನ್ನಾಗಿ ಬಂದಿದೆ ಎಂದು ಶೈಲಜಾ ಫೋನು ಇಟ್ಟಳು.

ಇದಾಗಿ ಎರಡು ವಾರಕ್ಕೆ ದುರ್ಗವ್ವನ ಅಪ್ಪ ಭರಮಪ್ಪ ಗೇಟಿನ ಹತ್ತಿರ ಬಂದು ನಿಂತ. ತಲೆಗೆ ಟವಲು ಸುತ್ತಿ, ಕೈಯಲ್ಲಿ ಬಟ್ಟೆ ತುಂಬಿದ ಚೀಲ ಹಿಡಿದಿದ್ದ. ಮಾಕಳಿಯ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡಿಕೊಂಡು, ಮಗಳೊಂದಿಗೆ ಬಾಡಿಗೆ ರೂಮಿನಲ್ಲಿದ್ದವನು ಅವನು. ಹೆಂಡತಿ ಸತ್ತು ಬಹಳ ವರ್ಷವಾಗಿತ್ತು. ಊಟದ ಬಿಡುವಿನ ಹೊತ್ತು. ಶೈಲಜಾ ಅವನನ್ನು ಕರೆದುಕೊಂಡು ಬಂದು ನಿಂತ ಮೆಷಿನ್ನುಗಳ ನಡುವೆ ಸ್ಟೂಲಿನಲ್ಲಿ ಕೂರಿಸಿದಳು. ದುರ್ಗವ್ವ ಓಡಿಬಂದು ಎದುರಿಗೆ ಕೂತಳು.

"ಮಾಕಳಿ ಕೆಲಸ ಮುಗೀತ್ರಿ ಅಕ್ಕಾರ. ನಾ ಊರಿಗೆ ಹೊಂಟೀನಿ. ಈಕೀನೂ ಕರಕೊಂಡು ಹೋಗಾಕ ಬಂದೀನ್ರಿ," ಎಂದ ಭರಮಪ್ಪ. "ಕುಷ್ಟಗಿ ಕಡಿ ಒಂದ್ ಮನಿ ನೋಡೀವಿ. ಖರೇ ಅಂದ್ರ, ನೀವು ಹೂಂ ಅಂದ್ರ ಕರಕೊಂಡು ಹೋಗ್ತೀನಿ, ಬ್ಯಾಡ ಅಂದ್ರ ಇಲ್ಲ ಅಂತ ಈಕಿಗೆ ಹೇಳೀನ್ರಿ. ಇಲ್ಲಾಂದ್ರ ಈಕಿ ಚೀಲಾನೂ ಕಟ್ಟಾಕ ಬಿಡ್ತಿದ್ದಿಲ್ರಿ."

ಗಂಡು ನಲವತ್ತು ದಾಟಿದವನು, ಮೊದಲ ಹೆಂಡತಿ ತೀರಿಕೊಂಡು ಎರಡು ಮಕ್ಕಳಿದ್ದವು. ಮಾತು ಬಾರದ ಹುಡುಗಿಯಾದರೆ ಮಕ್ಕಳ ಮೇಲೆ ಕೂಗಾಡುವುದಿಲ್ಲ ಎಂದು ಅವನೇ ಕೇಳಿ ಮಾಡಿಕೊಳ್ಳುತ್ತಿದ್ದಾನಂತೆ. ಕೇಳುತ್ತ ಕೇಳುತ್ತ ಶೈಲಜಾಳ ಒಳಗು ಕುದಿಯಿತು. ಆದರೆ ಭರಮಪ್ಪ ಹಿರಿಯ ಮನುಷ್ಯ, ಅಕ್ಕಾರ ಎನ್ನುತ್ತ ಕೈ ಮುಗಿದು ಕೂತಿದ್ದ. ನಡುವೆ ಬಾಯಿ ಹಾಕಬಾರದೆಂದು ಅವಳು ಎಲ್ಲರೂ ಮಾಡುವ ಹಾಗೆ ಹೂಂ, ಹೂಂ ಎಂದು ತಲೆ ಆಡಿಸುತ್ತ ಹೋದಳು. ಅವನದು ಮುಗಿದ ಮೇಲೆ ತಗ್ಗಿದ ದನಿಯಲ್ಲಿ, ಇದು ನನಗೆ ಒಪ್ಪಿಗೆಯಿಲ್ಲ, ಹುಡುಗಿಯನ್ನು ಕೇಳಿದ್ದೀರಾ, ಕೈಯಲ್ಲಿ ಕೆಲಸವಿದೆ, ಅಂಜನಮ್ಮನ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಅಲ್ಲಿರಲಿ ಎಂದು ಒಂದೊಂದಾಗಿ ಹೇಳತೊಡಗಿದಳು.

ದುರ್ಗವ್ವ ಒಂದು ಕ್ಷಣವೂ ಅವಳ ಮುಖದಿಂದ ಕಣ್ಣು ತೆಗೆದಿರಲಿಲ್ಲ. ಹಿಂದೆಲ್ಲ ಶೈಲಜಾ ಯಾರೊಡನೆ ಏನು ಮಾತಾಡಿದರೂ ಅವಳು ಹೀಗೆಯೇ ಎದುರಿಗೆ ಕೂತು ಹುಬ್ಬು ನೋಡಿ ತಿಳಿದುಕೊಳ್ಳುತ್ತಿದ್ದಳು. ತಲೆ ಹೂಂ ಎಂದರೂ ಹುಬ್ಬು ಒಲ್ಲೆ ಎನ್ನುತ್ತಿದ್ದುದು ಅವಳಿಗೆ ಗೊತ್ತಿತ್ತು. ಇವತ್ತು ತಲೆ ಹೂಂ ಎನ್ನುತ್ತಿತ್ತು, ಹಣೆ ತಣ್ಣಗಿತ್ತು. ಔಷಧಿಯ ಕಥೆ ಕೇಳಿದ್ದಳು ನಿಜ. ಆದರೆ ಇಂಥ ಹೊತ್ತಿನಲ್ಲೂ ಏನೊಂದೂ ಕದಲದ ಮುಖದ ಮುಂದೆ ಕೇಳಿದ ಕಥೆ ಎಷ್ಟು ಹೊತ್ತು ನಿಂತೀತು? ಅವಳು ಎದ್ದಳು. ಏಪ್ರನ್ನಿನ ಗಂಟು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಶೈಲಜಾಳ ಮೇಜಿನ ಮೇಲಿಟ್ಟಳು. ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಹೊರಡಲೆಂದು ಚೀಲಕ್ಕೆ ಕೈ ಹಾಕಿದಳು.

ಏನಾಯಿತೆಂದು ಶೈಲಜಾಳಿಗೆ ಹೊಳೆದದ್ದು ಆಗ. ಇಲ್ಲ, ಇಲ್ಲ ಎಂದು ಎರಡೂ ಕೈ ಬೀಸಿದಳು. ದುರ್ಗವ್ವ ನೋಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಮುಂದಿನ ಮಾತು ಬೇಡವೆಂದರೆ ಆ ಹುಡುಗಿಯರು ಮಾಡುತ್ತಿದ್ದುದೇ ಹಾಗೆ. ಮುಚ್ಚಿದ ಕಣ್ಣಿನ ಆಚೆಗೆ ಯಾವ ಮಾತೂ ಹೋಗುತ್ತಿರಲಿಲ್ಲ. ಹುಬ್ಬು ಗಂಟಿಕ್ಕಲು ಶೈಲಜಾ ಮೈಯ ಬಲವನ್ನೆಲ್ಲ ಹಾಕಿದಳು, ಅದು ಏಳಲಿಲ್ಲ. ಯಾರೂ ನೋಡದಿದ್ದ ಆ ಹೊತ್ತಿನಲ್ಲಿ ತನ್ನ ಮುಖದ ಮೇಲೆ ಅವಳಿಗೆ ಹುಟ್ಟಿದಷ್ಟು ಸಿಟ್ಟು ಗೆರೆಗಳಿದ್ದ ಇಷ್ಟು ವರ್ಷದಲ್ಲಿ ಯಾವತ್ತೂ ಬಂದಿರಲಿಲ್ಲ.

ದುರ್ಗವ್ವನ ಕೈಯನ್ನು ಚೀಲದಿಂದ ಕಿತ್ತುಕೊಂಡು ಅವಳು ತನ್ನ ಗಂಟಲಿಗೆ ಒತ್ತಿ ಹಿಡಿದಳು. ಲಿಂಗದ ದಾರಕ್ಕೂ ಗದ್ದಕ್ಕೂ ನಡುವೆ, ಐದೂ ಬೆರಳು ಕೂರುವ ಹಾಗೆ.

"ಕಳ್ಸಲ್ಲ," ಎಂದು ಕೂಗಿದಳು. "ನಾನು ಹೂಂ ಅಂದಿಲ್ಲ ಭರಮಪ್ಪನೋರೆ. ಇವಳು ಕೂಗಾಡಲ್ಲ ಅಂತ ಯಾರೋ ಕರ್ಕೊಂಡು ಹೋಗೋದಕ್ಕೆ ನಾನು ಒಪ್ಪಲ್ಲ. ಒಪ್ಪಲ್ಲ."

ನಿಂತ ಮೆಷಿನ್ನುಗಳ ನಡುವೆ ಆ ಕೂಗು ಸ್ಟೋರಿನವರೆಗೂ ಹೋಯಿತು. ಕೃಷ್ಣಪ್ಪನವರು ಕ್ಯಾಬಿನ್ನಿನಿಂದ ಇಣುಕಿ, ಹಿಂದಕ್ಕೆ ಸರಿದು, ಬಾಗಿಲು ಹಾಕಿಕೊಂಡರು. ದುರ್ಗವ್ವ ಕಣ್ಣು ಬಿಟ್ಟಳು. ಬೆರಳುಗಳ ಕೆಳಗೆ ನಡುಗುತ್ತಿದ್ದ ಗಂಟಲನ್ನೂ, ಎದುರಿಗಿದ್ದ ನುಣ್ಣನೆಯ ಹಣೆಯನ್ನೂ ಮತ್ತೆ ಮತ್ತೆ ನೋಡಿದಳು. ಎರಡರಲ್ಲಿ ಯಾವುದನ್ನು ನಂಬಬೇಕೆಂದು ತೀರ್ಮಾನಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಶೈಲಜಾ ಕೂಗುತ್ತಲೇ ಇದ್ದಳು. ಹೇಳಬೇಕಾದದ್ದೆಲ್ಲ ಮುಗಿದ ಮೇಲೂ, ಗಂಟಲು ನಿಲ್ಲಬಾರದೆಂದು ಹೇಳಿದ್ದನ್ನೇ ಹೇಳುತ್ತಿದ್ದಳು.

ಆಗ ದುರ್ಗವ್ವ ಇನ್ನೊಂದು ಕೈಯಿಂದ ಶೈಲಜಾಳ ಅಂಗೈಯನ್ನು ಎಳೆದು ತನ್ನ ಗಂಟಲಿಗೆ ಇಟ್ಟುಕೊಂಡಳು. ಅಪ್ಪನ ಕಡೆ ತಿರುಗಿ ಬಾಯಿ ತೆರೆದಳು. ಬಂದದ್ದು ಮಾತಲ್ಲ. ಒರಟಾದ, ಉದ್ದನೆಯ ಒಂದೇ ದನಿ, ಅಳತೆಯಿಲ್ಲದೆ ಏರಿ, ಒಡೆದು, ಮತ್ತೆ ಏರಿತು. ಒಂಬತ್ತು ವರ್ಷದಲ್ಲಿ ಆ ಕಾರ್ಖಾನೆಯಲ್ಲಿ ಯಾರೂ ಅವಳ ದನಿ ಕೇಳಿರಲಿಲ್ಲ. ಅಂಜನಮ್ಮ ತುತ್ತು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ನಿಂತಳು.

ಭರಮಪ್ಪ ಸ್ಟೂಲಿನಿಂದ ಎದ್ದಿದ್ದವನು ಮತ್ತೆ ಕೂತ. ತಲೆಯ ಟವಲು ಬಿಚ್ಚಿ ಮುಖ ಒರೆಸಿಕೊಂಡ.

"ಸಣ್ಣಾಕಿ ಇದ್ದಾಗ ಹಿಂಗ ಒದರತಿದ್ದಳ್ರಿ," ಎಂದ. "ಓಣಿ ಮಂದಿ ನಗ್ತಾರಂತ ನಾನ ಬಿಡಿಸಿದ್ದೆ. ಬಾಯಿ ಮ್ಯಾಲ ಕೈ ಇಟ್ಟು, ಇಟ್ಟು." ಆಮೇಲೆ ಚೀಲದಲ್ಲಿದ್ದ ಮಗಳ ಸೀರೆ, ರವಿಕೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ತುದಿಯಲ್ಲಿ ಇಡತೊಡಗಿದ. ನಾ ಒಬ್ಬನ ಹೋಗ್ತೀನ್ರಿ ಎಂದು ಅವನು ಹೇಳಿದ್ದು ಯಾರಿಗೆ ಎಂದು ತಿಳಿಯಲಿಲ್ಲ.

ಬಿಡುವು ಮುಗಿದ ಗಂಟೆ ಹೊಡೆಯಿತು. ಉಳಿದ ಐದು ಜನ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು, ಮೆಷಿನ್ನುಗಳು ಒಂದರ ಹಿಂದೊಂದು ಶುರುವಾದವು. ಆ ಸದ್ದಿನಲ್ಲಿ ಇನ್ನು ಯಾರ ದನಿಯೂ ಯಾರಿಗೂ ಕೇಳುವಂತಿರಲಿಲ್ಲ. ದುರ್ಗವ್ವ ಇನ್ನೂ ನಿಲ್ಲಿಸಿಲ್ಲ ಎಂಬುದು ಶೈಲಜಾಳ ಅಂಗೈಗೆ ಮಾತ್ರ ಗೊತ್ತಾಗುತ್ತಿತ್ತು.